ಸಿಐಎಸ್‌ಎಫ್ ಫೈರ್ ಕಾನ್‌ಸ್ಟೇಬಲ್: 5 ಕಿ.ಮೀ. 24 ನಿಮಿಷದಾಗ ಮುಟ್ಟೂದು ಹೆಂಗ?

ಘಟಪ್ರಭಾ ದಂಡಿ (ಮುಧೋಳ ತಾಲೂಕು):

ನಮಸ್ಕಾರ ರೀ ಎಲ್ಲಾರಿಗೂ. ಸಿಐಎಸ್‌ಎಫ್ (ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ) ಕಾನ್‌ಸ್ಟೇಬಲ್ ಫೈರ್, ಅಂದ್ರ ಅಗ್ನಿಶಾಮಕ ಪೇದೆ ಹುದ್ದೆಗೆ ಮುಂದಿನ ಅಧಿಸೂಚನೆ ಬಂದಕೂಡ್ಲೆ ಅರ್ಜಿ ಹಾಕಬೇಕಂತ ಮಾಡೀನಿ. 2024ರ ಅಧಿಸೂಚನೆ ಪೂರ್ತಿ ಓದೀನಿ. ಎತ್ತರ 170 ಸೆಂ.ಮೀ., ಎದಿ 80, ಉಸಿರು ತಗೊಂಡಾಗ 85, ಮತ್ತ 5 ಕಿ.ಮೀ. ಓಟ 24 ನಿಮಿಷದೊಳಗ. ಓಟಕ್ಕ ಅಂಕ ಇಲ್ಲ, ಮುಟ್ಟಿದ್ರ ಮುಂದಕ್ಕ, ಇಲ್ಲಾಂದ್ರ ಮನಿಗೆ.

ಈಗ ಹಿಂಗ ಐತಿ: ಎತ್ತರ 171.5, ತೂಕ 64 ಕಿಲೋ, ಎದಿ 79ರಿಂದ 83. 5 ಕಿ.ಮೀ.ಗೆ 28 ನಿಮಿಷ 30 ಸೆಕೆಂಡ್ ಹಿಡಿತೈತಿ. ವಾರದಾಗ ಆರು ದಿನ 5 ಕಿ.ಮೀ. ಪೂರ್ತಿ ದಮ್ ಹಾಕಿ ಓಡೂದು, ಕಾಲುವಿ ದಂಡಿ ಮ್ಯಾಲ, ಫೋನಿನ ಆ್ಯಪ್ ನೋಡಿ. ಎರಡು ತಿಂಗಳಿಂದ ಟೈಮ್ ಇಳಿದಿಲ್ಲ. ಮೂರು ವಾರದಿಂದ ಎರಡೂ ಮೊಣಕಾಲ ಕೆಳಗ ಮುಂದಿನ ಎಲುಬಿನ ಒಳಮಗ್ಗಲು ನೋವು, ಓಡಾಕ ಶುರು ಮಾಡಿದಾಗ ಜಾಸ್ತಿ, ಮೈ ಬಿಸಿಯಾದ ಮ್ಯಾಲ ಕಮ್ಮಿ. ನಾಲ್ಕೈದು ತಿಂಗಳು ಕೈಯಾಗ ಐತಿ ಅಂತ ಹಿಡೀರಿ. ಟೈಮ್ ಹೆಂಗ ಇಳಿಸೂದು? ಗರಡಿಮನ್ಯಾಗ ದಿನಾ 200 ಬೈಠಕ್ ಹೊಡಿತೀನಿ, ಅದು ಓಟಕ್ಕ ಒಳ್ಳೇದೋ ಕೆಟ್ಟದ್ದೋ? ಎದಿ ಹೆಂಗ ಹಿಗ್ಗಿಸೂದು?


ಒಂದೂ ಐವತ್ತೈದು (ಬಾಗಲಕೋಟೆ):

ತಮ್ಮಾ, ಟೈಮ್ ಇಳಿಲಾರದ್ದಕ್ಕ ಕಾರಣ ನಿನ್ನ ಪ್ರಶ್ನ್ಯಾಗ ಐತಿ: ಆರೂ ದಿನ ಪೂರ್ತಿ ದಮ್. ದಿನಾ ಪರೀಕ್ಷೆ ಬರಕೋತ ಕುಂತ್ರ ಓದೂದು ಯಾವಾಗ? ಸಾವಕಾಶ ಓಡಿದಾಗ ಹೃದಯ ಒಂದೊಂದು ಬಡಿತಕ್ಕ ಜಾಸ್ತಿ ರಕ್ತ ದಬ್ಬೂದು ಕಲೀತೈತಿ, ಸ್ನಾಯುವಿನ್ಯಾಗ ಸಣ್ಣ ರಕ್ತನಾಳ ಹೆಚ್ಚಾಗ್ತಾವ. ಇದಕ್ಕ ತಿಂಗಳುಗಟ್ಟಲೆ ಹೊತ್ತು ಬೇಕು, ಬ್ಯಾರೆ ದಾರಿ ಇಲ್ಲ. ದಿನಾ ತೇಕಿಕೋತ ಓಡಿದ್ರ ಇದೂ ಬೆಳೆಯೂದಿಲ್ಲ, ವೇಗಾನೂ ಬರೂದಿಲ್ಲ, ಯಾಕಂದ್ರ ನಿಜವಾಗಿ ಜೋರು ಓಡಬೇಕಾದ ದಿನ ಕಾಲು ಸತ್ತಿರ್ತಾವ.

ಮೊದ್ಲು ಲೆಕ್ಕ ತಲ್ಯಾಗ ಇಟ್ಗೋ. 24 ನಿಮಿಷ ಅಂದ್ರ ಕಿ.ಮೀ.ಗೆ 4 ನಿಮಿಷ 48 ಸೆಕೆಂಡ್. 400 ಮೀಟರ್ ಟ್ರ್ಯಾಕಿನ್ಯಾಗ ಹನ್ನೆರಡೂವರಿ ರೌಂಡ್, ಒಂದು ರೌಂಡಿಗೆ 1:55. ಇದು ಅಂಚಿನ ಲೆಕ್ಕ. ಗುಂಪಿನ್ಯಾಗ ಓಡೂವಾಗ ದಾರಿ ಸಿಗೂದಿಲ್ಲ, ತಿರುವಿನ್ಯಾಗ ಹೊರಗಿಂದ ಹೋಗಬೇಕಾಗ್ತೈತಿ. ಒಳಗಿನ ಗೆರಿಯಿಂದ ಒಂದ ಮೀಟರ್ ಹೊರಗ ಓಡಿದ್ರ ರೌಂಡಿಗೆ ಆರೂಕಾಲು ಮೀಟರ್ ಹೆಚ್ಚು, ಹನ್ನೆರಡೂವರಿ ರೌಂಡಿಗೆ 78 ಮೀಟರ್. ಅಂದ್ರ 22 ಸೆಕೆಂಡ್ ಸುಮ್ನ ಹೋದ್ವು. ಅದಕ್ಕ ನಿನ್ನ ಗುರಿ 24 ಅಲ್ಲ, 23:20. ಕಿ.ಮೀ.ಗೆ 4:40, ರೌಂಡಿಗೆ 1:52.

ಇನ್ನ ವಾರದ ಓಟ. ನಾಲ್ಕು ದಿನ ಸಾಕು, ಆರು ಬ್ಯಾಡ. ಅದರಾಗ ಮೂರು ದಿನ ಸಾವಕಾಶ: ಕಿ.ಮೀ.ಗೆ 6:50ರಿಂದ 7:20. ಇಷ್ಟು ನಿಧಾನ ಓಡಾಕ ನಾಚಿಕಿ ಆಗ್ತೈತಿ, ಆದ್ರೂ ಓಡು. ಬಾಜೂದವನ ಜೋಡಿ ಪೂರ್ತಿ ವಾಕ್ಯ ಮಾತಾಡಾಕ ಬರಬೇಕು, ಎರಡ ಶಬ್ದಕ್ಕ ಉಸಿರು ಕಡದ್ರ ಜೋರಾತು ಅಂತ ತಿಳ್ಕೋ. ಮೂರರಾಗ ಒಂದ ದಿನ ಉದ್ದ ಓಟ, 6 ಕಿ.ಮೀ.ದಿಂದ ಶುರು, ಎರಡು ವಾರಕ್ಕ ಒಂದ ಕಿ.ಮೀ. ಏರಿಸಿ 11ಕ್ಕ ನಿಲ್ಲಿಸು.

ನಾಲ್ಕನೇ ದಿನ ಜೋರು ಓಟ. ಮೊದಲ ನಾಲ್ಕು ವಾರ 200 ಮೀಟರ್ 58 ಸೆಕೆಂಡಿನ್ಯಾಗ, ಆಮ್ಯಾಲ 200 ಮೀಟರ್ ನಡಿ, ಹಿಂಗ ಎಂಟು ಸಲ. 58 ಅಂದ್ರ 58, 48 ಅಲ್ಲ. ಇಲ್ಲಿ ಕಲಿಯೂದು 24 ನಿಮಿಷದ ಹೆಜ್ಜಿ ಕಾಲಿಗೆ ಹೆಂಗಿರ್ತೈತಿ ಅನ್ನೂದನ್ನ. ಐದರಿಂದ ಎಂಟನೇ ವಾರ 400 ಮೀಟರ್ 1:55ಕ್ಕ ಎಂಟು ಸಲ, ನಡುವ ಎರಡು ನಿಮಿಷ ನಡಿ. ಒಂಬತ್ತರಿಂದ ಹನ್ನೆರಡು 800 ಮೀಟರ್ 3:48ಕ್ಕ ಐದು ಸಲ, ಎರಡು ನಿಮಿಷ ವಿಶ್ರಾಂತಿ. ಆಮ್ಯಾಲ 1000 ಮೀಟರ್ 4:40ಕ್ಕ ನಾಲ್ಕು ಸಲ, ಎರಡೂವರಿ ನಿಮಿಷ ವಿಶ್ರಾಂತಿ. ಕಡೀ ಸಲದ್ದು ಮೊದಲಿಂದಕ್ಕಿಂತ ನಿಧಾನ ಆತು ಅಂದ್ರ ಮೊದಲಿಂದು ಜೋರಾಗಿತ್ತು. ಮುಂದಿನ ವಾರ ಅದನ್ನ ತಿದ್ದು.

ನಾಲ್ಕು ವಾರಕ್ಕೊಮ್ಮೆ 3 ಕಿ.ಮೀ. ಅಷ್ಟ ಟೈಮ್ ಹಚ್ಚಿ ಓಡು, 5 ಕಿ.ಮೀ. ಬ್ಯಾಡ. 3 ಕಿ.ಮೀ. 13:40ರೊಳಗ ಬಂತು ಅಂದ್ರ 5 ಕಿ.ಮೀ. 23:30 ಆಜುಬಾಜು ಬರ್ತೈತಿ. ಹದಿನಾರನೇ ವಾರಕ್ಕ ಅದು ಬರದಿದ್ರ ಗಾಬರಿ ಆಗಬ್ಯಾಡ, ಇನ್ನ ನಾಲ್ಕು ವಾರ ಇದನ್ನ ಮುಂದುವರಿಸು. 28:30ರಿಂದ ಇಳಿಯೂದು ಸಣ್ಣ ಕೆಲಸ ಅಲ್ಲ.

ಆ್ಯಪ್ ನಂಬಬ್ಯಾಡ. ಗಿಡದ ಕೆಳಗ, ತಿರುವಿನ್ಯಾಗ ಅದು 5 ಕಿ.ಮೀ.ಗೆ ನೂರು ಮೀಟರ್ ಹೆಚ್ಚುಕಡಿಮಿ ತೋರಿಸಬೌದು. ನೂರು ಮೀಟರ್ ಅಂದ್ರ 29 ಸೆಕೆಂಡ್. ತಿಂಗಳಿಗೆ ಒಂದ ಸಲ ನವನಗರದ ಜಿಲ್ಲಾ ಕ್ರೀಡಾಂಗಣಕ್ಕ ಬಂದು ಟ್ರ್ಯಾಕ್ ಮ್ಯಾಲ ಒಳಗಿನ ಲೇನಿನ್ಯಾಗ ನೋಡ್ಕೋ. ಎರಡನೇ ಲೇನ್ ಹಿಡಿದ್ರ ರೌಂಡ್ 407 ಮೀಟರ್ ಆಗ್ತೈತಿ, ಅದೂ ಗೊತ್ತಿರ್ಲಿ. ಊರಾಗ ದಂಡಿ ಮ್ಯಾಲ 200 ಮೀಟರಿಗೆ ಉದ್ದನ್ನ ಟೇಪ್ ಹಿಡಿದು ಅಳದು ಕಲ್ಲಿಗೆ ಸುಣ್ಣ ಹಚ್ಚಿದ್ರ ಮುಗೀತು.


ಮೀನಖಂಡ (ಬೆಳಗಾವಿ):

ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ತಮ್ಮಾ, ಅದನ್ನು ನಾಳೆಯೇ ಶುರು ಮಾಡಬೇಡ. ಮೊದಲು ಕಾಲು.

ಎಲುಬಿನ ಒಳ ಅಂಚನ್ನು ಹೆಬ್ಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಒತ್ತಿ ನೋಡು. ನೋವು ನಾಲ್ಕು ಬೆರಳಗಲ ಅಥವಾ ಅದಕ್ಕಿಂತ ಉದ್ದಕ್ಕೆ ಹರಡಿದ್ದರೆ, ಬಿಸಿಯಾದ ಮೇಲೆ ಕಡಿಮೆಯಾಗುತ್ತಿದ್ದರೆ, ಅದು ಎಲುಬಿನ ಹೊದಿಕೆ ಕೆರಳಿರುವುದು. ಓಟಗಾರರು ಶಿನ್ ಸ್ಪ್ಲಿಂಟ್ ಅನ್ನುವುದು ಇದಕ್ಕೇ. ಆದರೆ ಒಂದು ರೂಪಾಯಿ ನಾಣ್ಯದಷ್ಟೇ ಜಾಗದಲ್ಲಿ ಚುಚ್ಚಿದಂತೆ ನೋವಿದ್ದರೆ, ಓಡುತ್ತ ಹೋದಂತೆ ಹೆಚ್ಚಾದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಒಂಟಿ ಕಾಲಲ್ಲಿ ಹಾರಿದಾಗ ಜೀವ ಹೋದಂತಾದರೆ, ಅದು ಎಲುಬಿನ ಸಣ್ಣ ಬಿರುಕು ಇರಬಹುದು. ಆಗ ಓಟ ಅದೇ ದಿನ ನಿಲ್ಲಬೇಕು, ಎಲುಬಿನ ಡಾಕ್ಟರ ಹತ್ತಿರ ಹೋಗಬೇಕು. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ಸರಿ ಇದೆ ಎಂದು ಓಡಿ ಪೂರ್ತಿ ಮುರಿದುಕೊಳ್ಳಬೇಡ.

ನೀನು ಹೇಳಿದ ಲಕ್ಷಣ ಮೊದಲನೆಯದರ ಹಾಗಿದೆ. ಎರಡು ವಾರ ಓಟ ಅರ್ಧಕ್ಕೆ ಇಳಿಸು, ಜೋರು ಓಟ ಒಂದೂ ಬೇಡ. ಬಿಟ್ಟ ದಿನಗಳಲ್ಲಿ 40 ನಿಮಿಷ ಸೈಕಲ್ ತುಳಿ, ದಮ್ಮು ಉಳಿಯುತ್ತದೆ. ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, 15ರಂತೆ ಮೂರು ಸಲ, ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ತುಸು ಮಡಚಿ ಒಮ್ಮೆ. ಇಳಿಸುವಾಗ ಮೂರು ಎಣಿಸು. ಮಡಚಿ ಮಾಡುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ಎಲುಬಿನ ಒಳಮಗ್ಗುಲಿಗೆ ಅಂಟಿಕೊಂಡ ಆಳದ ಸ್ನಾಯು ಬಲವಾಗುವುದು ಅದರಿಂದಲೇ.

ಹೆಜ್ಜೆಯನ್ನೂ ನೋಡಿಕೊ. ಸಾವಕಾಶ ಓಡುವಾಗ ಬಲಗಾಲು ನಿಮಿಷಕ್ಕೆ ಎಷ್ಟು ಸಲ ನೆಲ ಮುಟ್ಟುತ್ತದೆ ಎಣಿಸು. 75–78 ಬಂದರೆ ಕಾಲು ಮೈಗಿಂತ ಬಹಳ ಮುಂದೆ ಚಾಚಿ ಹಿಮ್ಮಡಿ ಕುಟ್ಟುತ್ತಿದ್ದೀ ಎಂದರ್ಥ. ವೇಗ ಅದೇ ಇರಲಿ, ಹೆಜ್ಜೆ ಸಣ್ಣದು ಮಾಡಿ 82–84ಕ್ಕೆ ತಾ. ಪ್ರತಿ ಹೆಜ್ಜೆಗೂ ಎಲುಬಿಗೆ ಬೀಳುವ ಪೆಟ್ಟು ಅಲ್ಲೇ ಕಡಿಮೆಯಾಗುತ್ತದೆ.

ನೆಲ: ನಿಮ್ಮ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಕಾಲು ಹೊರಳುವುದು ಅಲ್ಲೇ. ಮಳೆಗಾಲದಲ್ಲಿ ಶೂಗೆ ಅಂಟಿ ಒಂದೊಂದು ಕಾಲು ಅರ್ಧ ಕಿಲೋ ಭಾರವಾಗುತ್ತದೆ. ಕಾಲುವೆ ದಂಡೆಯ ಗರಸು ಹಾಕಿದ ದಾರಿ ಒಳ್ಳೆಯದು, ಆದರೆ ಒಂದೇ ಕಡೆ ಇಳಿಜಾರಾಗಿದ್ದರೆ ಹೋಗುವಾಗ ಒಂದು ಬದಿ, ಬರುವಾಗ ಅದೇ ಇಳಿಜಾರು ಇನ್ನೊಂದು ಕಾಲಿಗೆ ಬರುವ ಹಾಗೆ ಓಡು. ಕ್ಯಾನ್ವಾಸ್ ಪಿಟಿ ಶೂ ಇದ್ದರೆ ಇವತ್ತೇ ಬಿಡು. ಓಟದ ಶೂ ಆದರೂ 600–800 ಕಿ.ಮೀ. ಆದ ಮೇಲೆ ಅಡಿಯ ಫೋಮ್ ಸತ್ತಿರುತ್ತದೆ, ಮೇಲೆ ಹೊಸದಾಗಿ ಕಂಡರೂ ಸರಿಯೇ. ಪರೀಕ್ಷೆಗೆ ಹೊಸ ಶೂ ಹಾಕಬೇಡ, ಕನಿಷ್ಠ 50 ಕಿ.ಮೀ. ಓಡಿದ್ದೇ ಇರಲಿ.


ಘಟಪ್ರಭಾ ದಂಡಿ:

ಒತ್ತಿ ನೋಡಿದ್ನಿ ರೀ. ನೋವು ಒಂದು ಗೇಣಿನಷ್ಟು ಉದ್ದಕ್ಕ ಐತಿ, ಒಂದ ಕಡೆ ಚುಚ್ಚಿದಂಗ ಇಲ್ಲ, ರಾತ್ರಿ ಇಲ್ಲ. ಬಲಗಾಲು ಎಣಿಸಿದ್ನಿ, 76 ಬಂತು. ಎರಡು ವಾರ ಸೈಕಲ್ ಹಿಡಿತೀನಿ. ಬೈಠಕ್ ಬಿಡಬೇಕೇನು? ಮತ್ತ ಯೂಟ್ಯೂಬಿನ್ಯಾಗ ಫೈರ್‌ಫೈಟರ್ ಟೆಸ್ಟ್ ಅಂತ ಹುಡುಕಿದ್ರ ಭಾರ ಹೊತ್ತು ಮೆಟ್ಟಲಾ ಹತ್ತೂದು, ಗೊಂಬಿ ಎಳಿಯೂದು ಬರ್ತೈತಿ. ನಮಗೂ ಅದು ಇರ್ತೈತೇನು?


ಡೆಲಿವರಿ ಹೋಸ್ (ವಿಜಯಪುರ):

ಆ ವಿಡಿಯೊ ಅಮೆರಿಕಾದ ಸಿಪ್ಯಾಟ್ ಅನ್ನೂ ಪರೀಕ್ಷಾದ್ದು. 50 ಪೌಂಡ್, ಅಂದ್ರ 22 ಕಿಲೋ ಮ್ಯಾಲಿನ ಜಾಕೆಟ್ ಹಾಕ್ಕೊಂಡು ಎಂಟು ಕೆಲಸ 10 ನಿಮಿಷ 20 ಸೆಕೆಂಡಿನ್ಯಾಗ ಮುಗಿಸಬೇಕು. ಮೆಟ್ಟಲಾ ಹತ್ತುವಾಗ ಮತ್ತ 25 ಪೌಂಡ್ ಹೆಗಲ ಮ್ಯಾಲ ಇಡ್ತಾರ. ನಮ್ಮ ಸಿಐಎಸ್‌ಎಫ್ ಭರ್ತಿಯೊಳಗ ಅದು ಇಲ್ಲ, ದೈಹಿಕ ಪರೀಕ್ಷಾದಾಗ ಓಟ ಮತ್ತ ಅಳತಿ ಅಷ್ಟ ಅದ. ಆ ವಿಡಿಯೊ ನೋಡಿ ಬೆನ್ನಿಗೆ ಚೀಲ ಕಟ್ಕೊಂಡು ಓಡಬ್ಯಾಡ್ರಿ. ಭಾರ ಹೊತ್ತು ಓಡಿದ್ರ ಈಗಿರೂ ಎಲುಬಿನ ನೋವು ಎರಡು ಪಟ್ಟು ಆಗ್ತದ. ರಾಜ್ಯದ ಅಗ್ನಿಶಾಮಕ ದಳಕ್ಕೂ ಹಾಕೂ ವಿಚಾರ ಇದ್ರ ಅದರ ಪರೀಕ್ಷಾ ಬ್ಯಾರೆ, ಅದರ ಅಧಿಸೂಚನಾ ತಗದು ನೋಡಿನ ತಯಾರಿ ಮಾಡ್ರಿ.

ಆದ್ರ ಬಲ ಬ್ಯಾಡ ಅಂತಲ್ಲ. ಪರೀಕ್ಷಾ ಮುಗದ ಮ್ಯಾಲ ಬರೂ ಕೆಲಸ ನೋಡ್ರಿ. 63 ಮಿ.ಮೀ. ಡೆಲಿವರಿ ಹೋಸಿನ್ಯಾಗ (ಬೆಂಕಿಗೆ ನೀರು ಹೊಡಿಯೂ ಪೈಪ್) ಮೀಟರಿಗೆ ಮೂರು ಲೀಟರ್ ಮ್ಯಾಲ ನೀರು ಹಿಡಿತದ. 15 ಮೀಟರಿನ ಒಂದು ಹೋಸ್ ತುಂಬಿದ್ರ ನೀರಿನ ತೂಕನ 47 ಕಿಲೋ, ಹೋಸಿಂದು ಬ್ಯಾರೆ. ಅದನ್ನ ಎಳಕೊಂಡು ತಿರುವು ಹೊಡೀಬೇಕು, ಮೆಟ್ಟಲಾ ಏರಬೇಕು. ಸಿಐಎಸ್‌ಎಫ್‌ನ ಅಗ್ನಿಶಾಮಕ ತರಬೇತಿ ಸಂಸ್ಥಾ ಹೈದರಾಬಾದಿನ ಹಕೀಂಪೇಟದಾಗ ಅದ. ಅಲ್ಲಿ ಹೋಸ್, ಏಣಿ, ಮನಶ್ಯಾನ್ನ ಹೆಗಲ ಮ್ಯಾಲ ಹೊತ್ತು ತರೂದು ದಿನಾ ಇರ್ತದ. ಓಟದಾಗಷ್ಟ ಪಾಸಾಗಿ ಹೋದ ಹುಡುಗ್ರ ಬೆನ್ನು ಕೈ ಕೊಡೂದು ಅಲ್ಲೇ.

ಬೈಠಕ್ ಬಿಡಬ್ಯಾಡ್ರಿ, ದಿನಾ 200 ಬಿಡ್ರಿ. 200 ಬೈಠಕ್ ಹೊಡದ ತೊಡಿ ಮರುದಿನ 200 ಮೀಟರ್ 58ಕ್ಕ ಓಡೂದಿಲ್ಲ. ಅಷ್ಟು ಹೊಡದ್ರ ಬೆಳೆಯೂದು ಸಹನಾ, ಅದು ಓಟದಿಂದನ ಸಿಗ್ತದ. ವಾರಕ್ಕ ಎರಡ ದಿನ ಸಾಕು, ಅದೂ ಜೋರು ಓಟದ ದಿನನ ಸಂಜೀಕ ಒಂದು, ಆಮ್ಯಾಲ ಮೂರು ದಿನ ಬಿಟ್ಟು ಇನ್ನೊಂದು. ಜೋರು ಓಟದ ಹಿಂದಿನ ದಿನ ಮಾತ್ರ ಬ್ಯಾಡ. ಬೈಠಕ್ 20ರಂಗ ಮೂರು, ದಂಡ 12ರಂಗ ಐದು, ಪುಲ್-ಅಪ್ ಬರೂವಷ್ಟು ನಾಲ್ಕು ಸಲ. 20 ಕಿಲೋ ಉಸುಕು ತುಂಬಿದ ಚೀಲ ಒಂದ ಹೆಗಲ ಮ್ಯಾಲ ಇಟ್ಟು 50 ಮೀಟರ್ ನಡದು, ಹೆಗಲ ಬದಲ ಮಾಡಿ ತಿರುಗಿ ಬರೂದು, ಹಿಂಗ ಆರು ಸಲ. ಎತ್ತುವಾಗ ಕುಂತು ಎತ್ತಬೇಕು, ಬಗ್ಗಿ ಎತ್ತಬಾರದು. ಜಾತ್ರ್ಯಾಗ ಕ್ವಿಂಟಾಲ್ ಚೀಲ ಎತ್ತವ್ರನ್ನ ನೋಡಿ ಈಗ 50 ಕಿಲೋ ಸಿಮೆಂಟ್ ಚೀಲಕ್ಕ ಕೈ ಹಚ್ಚಬ್ಯಾಡ್ರಿ, ಅದು ವರ್ಷಗಟ್ಟಲೆ ತಾಲೀಮಿನ ಮಾತು. ಎರಡು ವಾರಕ್ಕ 2 ಕಿಲೋ ಏರಿಸ್ರಿ, ಸಾಕು.


ಟೇಪು (ಜಮಖಂಡಿ):

ಎದೆ ಬಗ್ಗೆ ಯಾರೂ ಬರೆದಿಲ್ಲ, ಆದರೆ ಇಲ್ಲೇ ಓಟ ಗೆದ್ದವರೂ ಸೋಲುತ್ತಾರೆ.

ಎರಡು ಅಂಕಿ ಬೇಕು: ಉಸಿರು ಬಿಟ್ಟಾಗ 80, ಮತ್ತು ಕನಿಷ್ಠ 5 ಸೆಂ.ಮೀ. ಹಿಗ್ಗು. ಇವೆರಡೂ ಒಂದನ್ನೊಂದು ಎಳೆಯುತ್ತವೆ. ಮೊದಲ ಅಳತೆ 80 ದಾಟಲಿ ಎಂದು ಅರ್ಧ ಉಸಿರು ಹಿಡಿದು ನಿಂತರೆ ಆಮೇಲೆ ಹಿಗ್ಗುವುದಕ್ಕೆ ಜಾಗವೇ ಉಳಿಯುವುದಿಲ್ಲ, 3 ಸೆಂ.ಮೀ.ಗೆ ನಿಲ್ಲುತ್ತದೆ. ಪೂರ್ತಿ ಬಿಟ್ಟರೆ ನಿಮ್ಮದು 79. ಹಾಗಾಗಿ ತಂತ್ರದಿಂದ ಎರಡನ್ನೂ ದಾಟುವುದಕ್ಕೆ ಆಗದು, ಬುಡದ ಅಳತೆಯೇ 81–82 ಆಗಬೇಕು. ಅದು ಆಗುವುದು ಬೆನ್ನಿನ ಅಗಲ ಸ್ನಾಯುವಿನಿಂದ, ಅಂದರೆ ಪುಲ್-ಅಪ್ ಮತ್ತು ದಂಡದಿಂದ. ಎದೆಯ ಮುಂಭಾಗಕ್ಕಷ್ಟೇ ಬೆಂಚ್ ಪ್ರೆಸ್ ಹೊಡೆದರೆ ಟೇಪು ನಿಧಾನ ಏರುತ್ತದೆ. ತೂಕ ಎರಡು ಕಿಲೋ ಹೆಚ್ಚಾದರೂ ತೊಂದರೆ ಇಲ್ಲ, ಆದರೆ ಐದು ಕಿಲೋ ಏರಿಸಿಕೊಂಡರೆ ಓಟಕ್ಕೆ ಹೊರೆ.

ಹಿಗ್ಗು ಕಲಿಯುವ ವಿದ್ಯೆ. ಹೆಚ್ಚಿನವರು ಹೆಗಲು ಎತ್ತುತ್ತಾರೆ, ಹೆಗಲು ಎತ್ತಿದರೆ ಟೇಪು ಒಂದು ಮಿ.ಮೀ. ಕೂಡ ಸರಿಯದು. ಎರಡು ಕೈಯನ್ನೂ ಕೆಳ ಪಕ್ಕೆಲುಬಿನ ಮೇಲಿಟ್ಟು, ಮೂಗಿನಿಂದ ನಾಲ್ಕು ಎಣಿಕೆ ಉಸಿರು ತೆಗೆದುಕೊಂಡು, ಪಕ್ಕೆಲುಬು ಕೈಗಳನ್ನು ಹೊರಕ್ಕೆ ದಬ್ಬಬೇಕು, ಆಮೇಲೆ ಅದೇ ಉಸಿರಿಗೆ ಎದೆಯ ಮೇಲ್ಭಾಗ ತುಂಬಬೇಕು. ಐದು ಎಣಿಕೆ ಹಿಡಿದು ಪೂರ್ತಿ ಬಿಡಿ. ದಿನಕ್ಕೆ ಹತ್ತು ಸಲ, ಎರಡು ಹೊತ್ತು. ತಲೆ ಸುತ್ತಿದರೆ ನಿಲ್ಲಿಸಿ. ಮನೆಯಲ್ಲಿ ಅಳೆಯುವಾಗ ಟೇಪು ಮುಂದೆ ಮೊಲೆತೊಟ್ಟಿನ ಮಟ್ಟ, ಹಿಂದೆ ಹೆಗಲೆಲುಬಿನ ಕೆಳ ತುದಿ, ಸುತ್ತಲೂ ಒಂದೇ ಮಟ್ಟ. ಹಿಂದೆ ಟೇಪು ಜಾರಿ ಕೆಳಗಿಳಿದರೆ ಎರಡು ಸೆಂ.ಮೀ. ಸುಳ್ಳು ಬರುತ್ತದೆ. ಅಂಗಿ ತೆಗೆದು, ಕೈ ಕೆಳಗೆ ಬಿಟ್ಟು, ಇನ್ನೊಬ್ಬರಿಂದ ಅಳೆಸಿ.

ಇನ್ನೊಂದು ಮಾತು. ನಾಲ್ಕು ತಿಂಗಳು ಬೆವರು ಸುರಿಸುವ ಮೊದಲೇ ವೈದ್ಯಕೀಯದ್ದು ನೋಡಿಕೊಳ್ಳಿ. ಕನ್ನಡಕ ಇಲ್ಲದೆ ದೂರದ ದೃಷ್ಟಿ ಒಂದು ಕಣ್ಣಿಗೆ 6/6, ಇನ್ನೊಂದಕ್ಕೆ 6/9 ಬೇಕು, ಬಣ್ಣ ಗುರುತಿಸುವುದು ಸರಿ ಇರಬೇಕು. ಚಪ್ಪಟೆ ಪಾದ, ಮೊಣಕಾಲು ಒಂದಕ್ಕೊಂದು ತಾಗುವುದು, ಕಾಲಿನ ನರ ಉಬ್ಬಿರುವುದು, ಮೆಳ್ಳೆಗಣ್ಣು ಇರಬಾರದು. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ನೋಡುತ್ತಾರೆ. ಪಾದಕ್ಕೆ ಮನೆಯಲ್ಲೇ ದಾರಿ ಇದೆ: ಒದ್ದೆ ಕಾಲನ್ನು ಒಣ ಗಚ್ಚಿನ ಮೇಲೆ ಊರಿ. ಒಳಮಗ್ಗುಲು ಖಾಲಿ ಬಿಟ್ಟಿದ್ದರೆ ಸರಿ, ಇಡೀ ಪಾದ ಮೂಡಿದರೆ ಡಾಕ್ಟರಿಗೆ ತೋರಿಸಿ.


ಮೀನಖಂಡ (ಬೆಳಗಾವಿ):

ಊಟ ಮತ್ತು ಬಿಸಿಲು ಉಳಿದಿವೆ. ಸ್ನಾಯು ಬೆಳೆಸಿ ಓಡಬೇಕಾದ 64 ಕಿಲೋ ಮೈಗೆ ದಿನಕ್ಕೆ 90 ಗ್ರಾಂ ಪ್ರೋಟೀನ್ ಸಾಕು, ಡಬ್ಬಿಯ ಪುಡಿ ಬೇಕಿಲ್ಲ. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 30 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, 50 ಗ್ರಾಂ ಶೇಂಗಾದಲ್ಲಿ 12, ಮೊಳಕೆ ಬಂದ ಮಡಕಿ ಕಾಳಿನ ಪಲ್ಯದಲ್ಲಿ 12, ಮೂರು ತತ್ತಿಯಲ್ಲಿ 18. ತತ್ತಿ ತಿನ್ನದವರು ಝುಣಕ, ಮೊಸರು ಹೆಚ್ಚಿಸಿ. ಊಟವಾದ ಕೂಡಲೇ ಚಹಾ ಕುಡಿಯಬೇಡ, ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಸಲ ಹಿಮೋಗ್ಲೋಬಿನ್ ತೆಗೆಸು. ಗಂಡಸರಿಗೆ 13ಕ್ಕಿಂತ ಕೆಳಗಿದ್ದರೆ ಎಷ್ಟು ಓಡಿದರೂ ಟೈಮ್ ಇಳಿಯುವುದಿಲ್ಲ.

ಪರೀಕ್ಷೆಯ ದಿನ ನಮ್ಮ ಕೈಯಲ್ಲಿಲ್ಲ, ಬೇಸಿಗೆಯಲ್ಲೂ ಬರಬಹುದು. ಬಿಸಿಲಿಗೆ ಮೈ ಒಗ್ಗುವುದಕ್ಕೆ 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ಸಾವಕಾಶ ಓಟವನ್ನು ಮಾತ್ರ ಬೆಳಿಗ್ಗೆ 9ರ ಹೊತ್ತಿಗೆ ಸರಿಸು, 20 ನಿಮಿಷದಿಂದ ಶುರು ಮಾಡು. ಹೆಚ್ಚು ಬೆವರಿದ ದಿನ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್. ಪೊಟ್ಟಣದ ಅಳತೆ ಬದಲಿಸಬೇಡ. ಬಿಸಿಲಲ್ಲಿ ಚಳಿ ಬಂದಂತಾದರೆ, ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ಅಲ್ಲೇ ನಿಲ್ಲಬೇಕು. ಬೇರೆಯವರು ಹಾಗಾದರೆ ನೆರಳಿಗೆ ಎಳೆದು ಇಡೀ ಮೈಗೆ ನೀರು ಸುರಿದು ಗಾಳಿ ಹಾಕಿ 108ಕ್ಕೆ ಕರೆ ಮಾಡಿ. 2024ರಲ್ಲಿ ಝಾರ್ಖಂಡದ ಅಬಕಾರಿ ಪೇದೆ ಭರ್ತಿಯ 10 ಕಿ.ಮೀ. ಓಟದಲ್ಲಿ ಹತ್ತಕ್ಕೂ ಹೆಚ್ಚು ಹುಡುಗರು ತೀರಿಕೊಂಡರು. ದಮ್ಮಿಗೆಂದು ಇಂಜೆಕ್ಷನ್, ನೋವಿನ ಗುಳಿಗೆ, ಎನರ್ಜಿ ಡ್ರಿಂಕ್ ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡ. ದಯವಿಟ್ಟು.


ಒಂದೂ ಐವತ್ತೈದು (ಬಾಗಲಕೋಟೆ):

ಇನ್ನೊಂದು, ಕಬ್ಬಿನ ಹಂಗಾಮಿನ್ಯಾಗ ನಸುಕಿನ್ಯಾಗ ಡಾಂಬರ್ ರಸ್ತಾದ ಮ್ಯಾಲ ಓಡಬ್ಯಾಡ ತಮ್ಮಾ. ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರಿಗೆ ಹಿಂದ ದೀಪ ಇರೂದಿಲ್ಲ, ಹೊರಗ ಚಾಚಿದ ಕಬ್ಬು ಮುಖಕ್ಕ ಬಡಿತೈತಿ. ದಂಡಿ ಮ್ಯಾಲನ ಇರು.

ಪರೀಕ್ಷೆಗೆ ಹತ್ತು ದಿನ ಇದ್ದಾಗ ಓಟ ಅರ್ಧಕ್ಕ ಇಳಿಸು, ಜೋರು ಓಟ ಒಂದ ಸಲ, 400 ಮೀಟರ್ ನಾಲ್ಕು ಸಲ ಅಷ್ಟ. ಕೇಂದ್ರ ದೂರ ಇದ್ರ ಹಿಂದಿನ ದಿನ ಮಧ್ಯಾಹ್ನದೊಳಗ ಮುಟ್ಟು. ಓಟಕ್ಕ ಎರಡು ತಾಸು ಮೊದ್ಲು ಎರಡು ಬಾಳೆಹಣ್ಣು, ಒಂದು ಶೇಂಗಾ ಚಿಕ್ಕಿ, ಒಂದು ಲೋಟ ನೀರು. ರೊಟ್ಟಿ, ಕಾಳು ಬ್ಯಾಡ, ಹೊಟ್ಯಾಗ ಕಲ್ಲಿನಂಗ ಕೂಡ್ತಾವ. ಹದಿನೈದು ನಿಮಿಷ ಸಾವಕಾಶ ಓಡಿ ಮೈ ಬಿಸಿ ಮಾಡ್ಕೋ.

ಸೀಟಿ ಹೊಡದಕೂಡ್ಲೆ ಅರ್ಧ ಗುಂಪು ಮೊದಲ ರೌಂಡ್ 1:35ಕ್ಕ ಹೋಗ್ತೈತಿ. ಅವರನ್ನ ಬಿಟ್ಟುಬಿಡು. ಒಂದನೇ ಕಿ.ಮೀ. 4:40, ಎರಡಕ್ಕ 9:20, ಮೂರಕ್ಕ 14:00, ನಾಲ್ಕಕ್ಕ 18:40. ಈ ನಾಲ್ಕು ಅಂಕಿ ಅಂಗೈ ಮ್ಯಾಲ ಬರಕೋ, ಬೆವರಿಗೆ ಅಳಿಸಿದ್ರೂ ಬಾಯಿಪಾಠ ಇರ್ಲಿ. ಮೂರನೇ ಕಿ.ಮೀ. ಮುಗದಾಗ ಮುಂದ ಓಡಿದವ್ರು ಒಬ್ಬೊಬ್ಬರಾಗಿ ಹಿಂದ ಬೀಳಾಕ ಹತ್ತತಾರ. ಅವರನ್ನ ತಿರುವಿನ್ಯಾಗ ದಾಟಬ್ಯಾಡ, ನೆಟ್ಟಗಿನ ಕಡೆ ಬರೂತನಕ ಬೆನ್ನಿಗೆ ಇರು.